ನೀರಿನ ಬಣ್ಣದ ಬಾಟಲಿ

ಸಬಾಳ ಬಾಟಲಿಯಲ್ಲಿ ಔಷಧ ಸಿಕ್ಕಿದೆ. ಸಬಾ ಹಾಸ್ಟೆಲಿನಲ್ಲಿ ಇಲ್ಲ.

ಎರಡೂ ಸುದ್ದಿ ಒಂದೇ ಫೋನಿನಲ್ಲಿ ಬಂದವು. ನನ್ನ ಕೈಯಲ್ಲಿದ್ದ ಮೊಬೈಲು ಜಾರಿ ಸರಸ್ವತೀಬಾಯಿಯವರ ಪುಸ್ತಕಗಳ ಮೇಲೆ ಬಿತ್ತು.

ಸಬಾ ನನ್ನ ಖಾಲಾನ, ಅಂದರೆ ಅವ್ವನ ತಂಗಿಯ ಮಗಳು. ಕಲಬುರಗಿಯಲ್ಲಿ ಮೆಡಿಕಲ್ ಎರಡನೆಯ ವರ್ಷ. ಕಮಲಾಪುರದ ನಮ್ಮ ಓಣಿಯಿಂದ ಡಾಕ್ಟರಿಕೆ ಓದಲು ಹೊರಟ ಮೊದಲ ಹುಡುಗಿ. ಅವಳ ಕಾಲೇಜಿನ ಹುಡುಗನೊಬ್ಬ ಪರೀಕ್ಷೆಗೆ ಓದುತ್ತ ಕೂತವನು ಎದೆ ಹಿಡಿದುಕೊಂಡು ಬಿದ್ದಿದ್ದ. ನಿದ್ದೆ ಬರದಿರಲೆಂದು ಗುಳಿಗೆ ನುಂಗಿದ್ದನಂತೆ. ಅವನೇನೋ ಬದುಕಿಕೊಂಡ. ಕಾಲೇಜಿನವರು ಹೆದರಿ ಇಡೀ ತರಗತಿಯ ಮೂತ್ರ ಪರೀಕ್ಷೆ ಮಾಡಿಸಿದರು.

"ಸಬಾಂದಷ್ಟ ಪಾಸಿಟಿವ್ ಬಂದದ್ರಿ, ಜೀನತ್ ಅಕ್ಕಾ," ಎಂದಳು ಫೋನಿನಲ್ಲಿ ಅವಳ ಕೋಣೆಯ ಗೆಳತಿ ಶುಭದಾ. "ನಾಳೆ ಮುಂಜಾನೆ ಪ್ರಿನ್ಸಿಪಾಲರು ಕರದಾರ. ಸೀಟು ಹೋಗತದ ಅನ್ನಾಕತ್ತಾರ. ಅಕಿ ಎಲ್ಲಿ ಹೋಗ್ಯಾಳೋ ಗೊತ್ತಿಲ್ಲ... ಫೋನ್ ಬಂದ್ ಅದ."

ಅವಳ ದನಿ ನಡುಗುತ್ತಿತ್ತು. ಗೆಳತಿಯೆಂದರೆ ಹೀಗಿರಬೇಕು ಅಂದುಕೊಂಡೆ.

ನಮ್ಮ ನಾನಿ, ಅವ್ವನ ಅವ್ವ, ಒಂದು ಕತೆ ಹೇಳುತ್ತಿದ್ದಳು. ನಮ್ಮ ಬಾಳೆ ತೋಟದ ಬಾವಿಯಲ್ಲಿ ಒಂದು ಭೂತ ಇದೆ. ಅದಕ್ಕೆ ತನ್ನದೆಂಬ ಮುಖವಿಲ್ಲ. ನೀರಿಗೆ ಬಗ್ಗಿದವರ ಮುಖ ಕದ್ದು, ಅವರ ಬಟ್ಟೆಯಲ್ಲೇ ಊರೊಳಗೆ ಬರುತ್ತದೆ. ಪಾಪವೆಲ್ಲ ಅದು ಮಾಡುತ್ತದೆ, ಹೆಸರು ಮಾತ್ರ ನಿನ್ನದು. ಕತೆ ಕೇಳಿದ ರಾತ್ರಿ ನಾನೂ ಸಬಾಳೂ ಒಬ್ಬರ ಮುಖ ಒಬ್ಬರು ಮುಟ್ಟಿ ನೋಡಿಕೊಂಡು ಮಲಗುತ್ತಿದ್ದೆವು.

"ಯಾಕ ಹಂಗ ಬೆವರ್ಲಿಕತ್ತೀ?" ಎಂದರು ಸರಸ್ವತೀಬಾಯಿಯವರು.

ಜೇವರ್ಗಿ ಕಾಲೋನಿಯ ಅವರ ಮನೆಯಲ್ಲೇ ನನ್ನ ಕೆಲಸ. ಕೊಲೆ, ವಿಷ, ಸಂಶಯದ ಸಾವು — ಇವನ್ನು ವೈದ್ಯ ವಿದ್ಯಾರ್ಥಿಗಳಿಗೆ ಕಲಿಸಿ ನಿವೃತ್ತರಾದವರು ಅವರು. ಈಗ ಕಣ್ಣಿಗೆ ಪೊರೆ. ಅವರು ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ.

ನಾನು ಅಳುತ್ತ ಎಲ್ಲ ಹೇಳಿದೆ.

"ಖಾಲಾನ ಮಗಳಂತ ಮುಚ್ಚಿಡಬ್ಯಾಡ. ಅಕಿ ನುಂಗ್ಯಾಳೋ ಇಲ್ಲೋ?"

"ಇಲ್ಲ್ರಿ!"

"ನಿನಗ ಹ್ಯಾಂಗ ಗೊತ್ತು?"

ಬಾಯಿಯವರು ಸೀರೆಯ ಸೆರಗು ಸರಿಮಾಡಿಕೊಂಡು ಎದ್ದರು. "ಆಟೋ ಕರಿ."

ಸಬಾಳ ಕಾಲೇಜಿನ ಪ್ರಿನ್ಸಿಪಾಲರು ಒಂದು ಕಾಲಕ್ಕೆ ಬಾಯಿಯವರಿಂದ ಬೈಸಿಕೊಂಡ ವಿದ್ಯಾರ್ಥಿ. ಅವರಿಗೆ ಇಲ್ಲವೆನ್ನಲು ಆಗಲಿಲ್ಲ. ಮೂತ್ರ ಪರೀಕ್ಷೆಯ ದಿನ ಉಸ್ತುವಾರಿ ನೋಡಿದ್ದ ಡಾ. ಧೀರೇಂದ್ರನನ್ನು ಕರೆಸಿದರು. ಇನ್ನೂ ಎಂ.ಡಿ. ಓದುತ್ತಿರುವ ಹುಡುಗ, ಕೊರಳಲ್ಲಿ ಸ್ಟೆತಸ್ಕೋಪು.

"ಮೂತ್ರ ಹ್ಯಾಂಗ ತಗೊಂಡ್ರಿ?" ಎಂದರು ಬಾಯಿಯವರು.

"ಎರಡೇ ಬಾತ್‌ರೂಮ್ ಇದ್ದವು, ಮೇಡಂ. ಇಬ್ಬಿಬ್ಬರನ್ನ ಒಳಗ ಬಿಟ್ಟೆವಿ. ಬಾಟಲಿ ನನ್ನ ಮೇಜಿನ ಮ್ಯಾಲೆ ಬಂದ ಕೂಡಲೆ ಹೆಸರು ಹಚ್ಚಿ ಸೀಲ್ ಮಾಡೀನಿ."

"ಸಬಾ?"

"ಅಕಿದು ಪರೀಕ್ಷೆನೇ ಬೇಕಿರಲಿಲ್ಲ. ನೋಡಿದ್ರ ಗೊತ್ತಾಗ್ತಿತ್ತು. ಬಾತ್‌ರೂಮಿನ ಬಾಗಿಲದಾಗ ಕುಸಿದು ಕೂತಳು. ನಾಡಿ ಓಡ್ತಿತ್ತು, ನಾಲಿಗಿ ಒಣಗಿ ಕಟ್ಟಿಗಿ. ಗ್ಲುಕೋಸ್ ನೀರು ಕುಡಿ ಅಂದ್ರ ಒಲ್ಲೆ ಅಂದಳು. ಆ ಗುಳಿಗಿ ಹಂಗೇ ಮೇಡಂ — ಎದಿ ಬಡಕೋತದ, ಬಾಯಿ ಆರತದ."

"ಯಾವ ಗುಳಿಗಿ?"

"ಒಂದು ಕಡೆ ಕೂಡಲಾರದ ಮಕ್ಕಳಿಗೆ ಕೊಡೋ ಔಷಧ. ಡಾಕ್ಟರ ಚೀಟಿ ಇಲ್ಲದ ಸಿಗಂಗಿಲ್ಲ. ಇವರು ಓದ್ಲಿಕ್ಕೆ ನುಂಗತಾರ."

"ಸಬಾನ ಜೋಡಿ ಒಳಗ ಯಾರಿದ್ರು?"

"ಶುಭದಾ."

ಶುಭದಾ ಹೊರಗೆ ಕಂಬಕ್ಕೆ ಒರಗಿ ನಿಂತಿದ್ದಳು. ಆಳಂದದ ಆಚಾರ್ಯರ ಮನೆಯ ಹುಡುಗಿ. ಬಾಯಿಯವರಿಗೆ ದೂರದ ಸಂಬಂಧ. ಪ್ರತಿ ಏಕಾದಶಿ ನಿರ್ಜಲ ಉಪವಾಸ. ಮರುದಿನ ದ್ವಾದಶಿಗೆ ಬೆಳಕು ಹರಿಯುವ ಮೊದಲೇ ಬಾಯಿಯವರ ಮನೆಗೆ ಪಾರಣೆಗೆ ಬರುವವಳು. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ, ಬಿಸಿ ಅನ್ನ — ಉಪವಾಸ ಬಿಡುವ ಊಟ.

"ತಲಿನೋವು ಹೋತೇನ?" ಎಂದರು ಬಾಯಿಯವರು. "ಈ ದ್ವಾದಶಿಗೆ ನಿನ್ನ ಎಲಿ ಹಂಗೇ ಉಳೀತು."

"ಓದೋದು ಭಾಳ ಇತ್ತು, ಅಜ್ಜಿ."

"ಸಬಾ ಗುಳಿಗಿ ನುಂಗೋದು ನೋಡೀಯೇನು?"

"ಇಲ್ಲ... ನೋಡಿಲ್ಲ." ಅವಳು ನನ್ನ ಕಡೆ ನೋಡಿದಳು. "ಜೀನತ್ ಅಕ್ಕಾ, ಅಕಿ ಸಿಕ್ಕಳೇನು? ಏನರೆ ಮಾಡಿಕೊಂಡ್ರ?"

ಸಬಾಳ ನಂಬರಿಗೆ ಮತ್ತೆ ಹಚ್ಚಿದೆ; ಬಂದ್. ಅಷ್ಟು ಹೊತ್ತು ಆ ಮಾತನ್ನು ನಾನು ಹತ್ತಿರ ಬಿಟ್ಟುಕೊಂಡಿರಲಿಲ್ಲ.

ಲ್ಯಾಬಿನಲ್ಲಿದ್ದವನು ಪರ್ವೇಜ್. ಅವನನ್ನು ಕಂಡು ನನಗೆ ಮೈ ಉರಿಯಿತು. ಅವನ ಮನೆಯವರು ಮದುವೆಗೆ ಸಬಾಳನ್ನು ಕೇಳಿಕೊಂಡು ಬಂದಿದ್ದರು. ಓದು ಮುಗಿಯಲಿ ಎಂದು ನಾನಿ ಚಹಾ ಕುಡಿಸಿ ಕಳಿಸಿದ್ದಳು. ಆ ಸಿಟ್ಟೋ? ಇವನ ಕೈಯಲ್ಲೇ ಎಲ್ಲ ಬಾಟಲಿಗಳೂ!

"ಸಬಾಂದು ತೆಗಿ," ಎಂದರು ಬಾಯಿಯವರು.

ಫ್ರಿಜ್ ತೆರೆದ. "ನನಗೂ ನಂಬಿಕಿ ಬರಲಿಲ್ರಿ ಮೇಡಂ. ಎರಡು ಸರ್ತಿ ಹಚ್ಚಿ ನೋಡೀನಿ. ಖುದಾನ ಆಣಿ. ಎರಡೂ ಸರ್ತಿ ಅದೇ ಬಂತು."

"ನಿನ್ನ ಕೈಗೆ ಬಂದಾಗ ಸೀಲ್?"

"ಗಟ್ಟಿ ಇತ್ರಿ. ಧೀರೇಂದ್ರ ಸರ್ ಎದುರಿಗೇ ಬಿಚ್ಚೀನಿ."

ಬಾಯಿಯವರು ಬಾಟಲಿಯನ್ನು ಕಿಟಕಿಗೆ ಹಿಡಿದರು. "ಜೀನತ್, ನನ್ನ ಕಣ್ಣು ನಂಬಂಗಿಲ್ಲ. ಬಣ್ಣ ಹೇಳು."

"ನೀರಿನಂಗ ಅದರಿ."

"ಅಕಿ ಜೋಡಿ ಒಳಗ ಹೋದಾಕಿದು?"

ಪರ್ವೇಜ್ ಶುಭದಾಳ ಬಾಟಲಿ ತೆಗೆದ.

"ಹಾಲು ಹಾಕದ ಚಹಾದಂಗ," ಎಂದೆ.

"ಅವತ್ತು ಏಕಾದಶಿ ಇತ್ತಂತ್ರಿ," ಎಂದ ಪರ್ವೇಜ್. "ಒಂದು ಹನಿ ನೀರೂ ಕುಡಿಯಂಗಿಲ್ಲಂತ. ಹಂಗೇ ಬರತದ."

ಅಷ್ಟರಲ್ಲಿ ನನ್ನ ಮೊಬೈಲು ಬಡಿದುಕೊಂಡಿತು. ಕಮಲಾಪುರದಿಂದ ನಾನಿ.

"ಸಬಾ ಇಲ್ಲೇ ಅದಾಳ, ಬೇಟಾ. ತೋಟದಾಗ. ಬಾವಿ ಕಟ್ಟಿ ಮ್ಯಾಲೆ ಕೂತಾಳ. ಕರದ್ರ ಬರವಲ್ಲಳು. ಲಗೂ ಬಾ."

ಬಾವಿ ಕಟ್ಟೆ.

ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸಿನಲ್ಲಿ ನಾನು ಕಿಟಕಿಯ ಸರಳು ಬಿಡಲಿಲ್ಲ. ಬಾಯಿಯವರು ಪಕ್ಕದಲ್ಲಿ ಕೂತಿದ್ದರು. ಹೊರಗೆ ಬಿಸಿಲು ಇಳಿಯುತ್ತಿತ್ತು. ಕೆಂಪು ಬಾಳೆಯ ತೋಟಗಳು ಶುರುವಾದಾಗ ನನಗೆ ಪ್ರತಿ ಗಿಡದ ನೆರಳಲ್ಲೂ ಸಬಾಳ ದುಪಟ್ಟಾ ಕಂಡಿತು.

ಅವಳು ಅಲ್ಲೇ ಇದ್ದಳು. ಕಾಲು ಬಾವಿಯ ಒಳಗೆ ಬಿಟ್ಟು. ಅಷ್ಟು ದೂರದಲ್ಲಿ ಒಂದು ಚಾಪೆಯ ಮೇಲೆ ನಮ್ಮ ನಾನಿ ಮಸ್ತಾನಬಿ, ಉಸಿರು ಬಿಗಿ ಹಿಡಿದು.

"ಸಬಾ," ಎಂದೆ.

ತಿರುಗಿದಳು. ಕಣ್ಣು ಒಳಗೆ ಹೋಗಿತ್ತು. "ಅಕ್ಕಾ, ಖರೇ ಹೇಳು. ನನಗ ಗೊತ್ತಿಲ್ಲದಂಗ ನಾನೇ ನುಂಗಿರಬಹುದೇನು? ನಿದ್ದಿಗಣ್ಣಾಗ? ಮಷೀನು ಯಾಕ ಸುಳ್ಳು ಹೇಳತದ?"

ಅವಳು ತನ್ನ ಮುಖವನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು, ಸಣ್ಣವರಿದ್ದಾಗ ನಾವು ಮಾಡುತ್ತಿದ್ದ ಹಾಗೆ.

"ಮೊದಲ ಕಾಲು ಮ್ಯಾಲೆ ತಗೋ," ಎಂದರು ಬಾಯಿಯವರು, ತರಗತಿಯ ದನಿಯಲ್ಲಿ. "ನಾ ಮುದುಕಿ. ನಿನ್ನ ಹಿಂದ ಹಾರಲಿಕ್ಕೆ ಆಗಂಗಿಲ್ಲ."

ಸಬಾ ಕಾಲು ತೆಗೆದಳು. ನಾನು ಅವಳ ತೋಳು ಹಿಡಿದೆ. ಬಿಡಲೇ ಇಲ್ಲ.

ಹೊತ್ತು ಮುಳುಗಿ ಮಗರಿಬ್‌ನ ಅಜಾನ್ ಕೇಳಿಸಿತು. ನಾನಿ ಖಜೂರು, ಕೆಂಪು ಬಾಳೆಹಣ್ಣು, ಒಂದು ತಂಬಿಗೆ ನೀರು ಮುಂದಿಟ್ಟಳು. ನಾವು ರೋಜಾ, ರಮಜಾನಿನ ಆ ದಿನದ ಉಪವಾಸ, ಬಿಟ್ಟೆವು. ಸಬಾ ಖಜೂರಿನ ಒಂದು ಚೂರು ಬಾಯಿಗೆ ಹಾಕಿ ತಂಬಿಗೆ ಎತ್ತಿದಳು — ಗಟಗಟ, ಉಸಿರಾಡದೆ, ತಳ ಕಾಣುವವರೆಗೆ.

ಬಾಯಿಯವರು ತಲೆ ಎತ್ತಿದರು.

"ಪರೀಕ್ಷಾ ದಿವಸನೂ ರೋಜಾ ಇತ್ತೇನು?"

"ಇತ್ರಿ."

"ನಸುಕಿನ ಊಟಕ್ಕ, ಸಹರಿಗೆ, ನೀರು ಕುಡದಿದ್ದಿಯೇನು?"

"ಎಚ್ಚರನೇ ಆಗಲಿಲ್ರಿ. ಸಹರಿ ತಪ್ಪಿತು. ಹಂಗೇ ರೋಜಾ ಹಿಡದೆ. ಮಧ್ಯಾಹ್ನ ನಮ್ಮ ಪಾಳಿ ಬರೋದ್ರೊಳಗ ಕಣ್ಣು ಕತ್ತಲು ಬಂತು."

"ಜೀನತ್," ಎಂದರು ಬಾಯಿಯವರು. "ಹಿಂದಿನ ರಾತ್ರಿಯಿಂದ ನೀರು ಮುಟ್ಟದ ಹುಡುಗಿ, ಈ ಬ್ಯಾಸಗಿ. ಅಕಿ ಬಾಟಲಿ ಯಾವ ಬಣ್ಣ ಇರಬೇಕು?"

ನನ್ನ ಕಿವಿ ಬಿಸಿಯಾಯಿತು. ನಾನೂ ರೋಜಾ ಇದ್ದವಳೇ. ಬಾಟಲಿಯನ್ನು ಕಣ್ಣಾರೆ ನೋಡಿದ್ದೆ.

"ಅದು ಸಬಾಂದಲ್ಲ!"

"ಅಲ್ಲ. ಅದು ಹೊಟ್ಟಿ ತುಂಬ ನೀರು ಕುಡದಾಕಿದು. ಮೈಯಾಗಿನ ಔಷಧ ತೊಳಕೊಂಡು ಹೋಗಲಿ ಅಂತ, ಹೆದರಿ ಕುಡದಾಕಿದು."

"ಪರ್ವೇಜ್—"

"ಸೀಲ್ ಬಿಚ್ಚಿದ್ದು ಎಲ್ಲರ ಎದುರಿಗೆ. ಅದಲು ಬದಲು ಆಗಿದ್ದು ಹೆಸರು ಹಚ್ಚೋಕಿಂತ ಮೊದಲು. ಸಬಾ, ಚಕ್ಕರ್ ಬಂದು ಕೂತಾಗ ನಿನ್ನ ಬಾಟಲಿ ಎಲ್ಲಿತ್ತು?"

"ಶುಭದಾನ ಕೈಯಾಗ್ರಿ. ಪಾಪ, ಅಕಿನೇ ನನ್ನ ಹಿಡಕೊಂಡು ಕೂಡಿಸಿದಳು. 'ನೀ ಏಳಬ್ಯಾಡ, ಎರಡೂ ನಾನೇ ಇಟ್ಟು ಬರ್ತೀನಿ' ಅಂದಳು."

ಬಾಳೆ ಎಲೆಗಳು ಒಂದಕ್ಕೊಂದು ತಿಕ್ಕಿ ಪರಪರ ಎನ್ನುತ್ತಿದ್ದವು.

"ಆದ್ರ ಬಾಯಿ," ಎಂದೆ ಮೆಲ್ಲಗೆ, "ಶುಭದಾನೂ ನೀರು ಕುಡಿದಿಲ್ಲಲ್ರಿ. ಏಕಾದಶಿ."

ಬಾಯಿಯವರು ಕತ್ತಲಾಗುತ್ತಿದ್ದ ಬಾವಿಯ ಕಡೆ ನೋಡುತ್ತಿದ್ದರು. ಅವರ ಮುಖ ನನಗೆ ಹಿಡಿಸಲಿಲ್ಲ. ಅಲ್ಲಿ ಗೆದ್ದವರ ಗುರುತೇ ಇರಲಿಲ್ಲ.

"ದ್ವಾದಶಿ ದಿವಸ ಉಳದ ಎಲಿ ಏನು ಮಾಡಿದಿ?"

"ಆಕಳಿಗೆ ಹಾಕಿದೆರಿ."

"ಹೂಂ," ಎಂದರು.

ಮರುದಿನ ಪ್ರಿನ್ಸಿಪಾಲರ ಕೋಣೆ. ಧೀರೇಂದ್ರ, ಪರ್ವೇಜ್, ಶುಭದಾ. ಸಬಾ ನನ್ನ ಕೈ ಹಿಡಿದುಕೊಂಡಿದ್ದಳು. ಬೆರಳು ಹಿಮದ ಹಾಗೆ. ಮೇಜಿನ ಮೇಲೆ ಎರಡು ಬಾಟಲಿಗಳು.

ಬಾಯಿಯವರು ಬಣ್ಣದ ಮಾತು ಹೇಳಿದರು. ಧೀರೇಂದ್ರನ ಮುಖ ಬಿಳಿಚಿತು.

"ಸಬಾ ಗುಟ್ಟಿನಾಗ ರೋಜಾ ಮುರಿದಿರಬಾರದ್ಯಾಕ, ಮೇಡಂ?" ಎಂದರು ಪ್ರಿನ್ಸಿಪಾಲರು.

"ನಿಮ್ಮ ಡಾಕ್ಟರ್‌ಗೇ ಕೇಳ್ರಿ. ಒಣಗಿದ ನಾಲಿಗಿ ನೋಡಿದವ ಅವನೇ. ಅದನ್ನ ಗುಳಿಗಿ ಲಕ್ಷಣ ಅಂದ. ರಮಜಾನ್ ನಡದದ, ಹುಡುಗಿ ನೀರು ಒಲ್ಲೆ ಅನ್ನಾಕತ್ತಾಳ — ಬಾಯಾರಿಕಿ ಅಂತ ಹೊಳೀಲಿಲ್ಲ. ಹೊಟ್ಟಿ ತುಂಬ ನೀರು ಕುಡದಾಕಿ ನಾಲಿಗಿ ಕಟ್ಟಿಗಿ ಆಗತದೇನಪಾ?"

ಧೀರೇಂದ್ರ ತಲೆ ತಗ್ಗಿಸಿದ. "ಬಾಟಲಿ ಎರಡೂ ಶುಭದಾನೇ ತಂದಿಟ್ಟಳು, ಸರ್. ಇದು ಸಬಾಂದು, ಇದು ನಂದು ಅಂದಳು. ನಾ ಹಂಗೇ ಹೆಸರು ಹಚ್ಚಿದೆ."

"ಆದ್ರ ಇಕಿನೂ ಉಪವಾಸ ಇದ್ದಳಲ್ಲ!"

"ಎಲ್ಲಾರೂ ಅಲ್ಲೇ ಎಡವಿದ್ರಿ. ನಾನೂ ಎಡವಿದೆ." ಬಾಯಿಯವರು ಶುಭದಾಳ ಕಡೆ ತಿರುಗಿದರು. "ನಿರ್ಜಲ ಇದ್ದವರಿಗೆ ದ್ವಾದಶಿ ಮುಂಜಾನೆ ಯಾವಾಗ ಆದೀತು ಅಂತ ಜೀವ ಹಾರತಿರತದ. ಜ್ವರ ಇದ್ದಾಗನೂ ನೀ ಪಾರಣಿ ತಪ್ಪಿಸಿದಾಕಿ ಅಲ್ಲ. ಅವತ್ತ ಯಾಕ ಬರಲಿಲ್ಲ? ತಲಿನೋವು ಅಂತ ಹೇಳಿ ಕಳಿಸಿದ್ದಿ. ನಿನ್ನೆ ಕೇಳಿದ್ರ ಓದೋದಿತ್ತು ಅಂದಿ. ನಾ ಹೇಳಲೇನು? ಉಪವಾಸ ಮುರಿದಾಕಿಗೆ ಪಾರಣಿ ಎಲ್ಲಿಂದ ಬರಬೇಕು? ಗೆಳತಿ ಹೆಸರಿನ ಮ್ಯಾಲೆ ನಿನ್ನ ಬಾಟಲಿ ಇಟ್ಟಿ, ಕೈ ನಡುಗಲಿಲ್ಲ. ದೇವರ ಮುಂದ ಸುಳ್ಳು ಎಲಿಗೆ ಕೂಡಲಿಕ್ಕೆ ಮಾತ್ರ ನಿನಗ ಧೈರ್ಯ ಸಾಲಲಿಲ್ಲ."

ಶುಭದಾ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತತೊಡಗಿದಳು.

"ನಿನ್ನ ತಂಗಿಗೆ ಆ ಗುಳಿಗಿ ಬರೆದು ಕೊಟ್ಟಾರ. ಅಕಿ ಒಂದು ಕಡೆ ಕೂಡಂಗಿಲ್ಲಂತ ನಿಮ್ಮವ್ವನೇ ನನ್ನ ಮುಂದ ಅತ್ತಿದ್ದಳು. ಇತ್ತೀಚಿಗೆ ಔಷಧ ಕೊಟ್ಟರೂ ನಾಟವಲ್ದು ಅಂತನೂ ಅತ್ತಳು. ನಾಟಬೇಕಾದ್ದು ಯಾರ ಹೊಟ್ಟಿಯೊಳಗ ಹೊಂಟಿತ್ತು?"

"ಮೇಡಂ, ಇದೆಲ್ಲ ಸರಿ," ಎಂದರು ಪ್ರಿನ್ಸಿಪಾಲರು, ಕರವಸ್ತ್ರದಿಂದ ಹಣೆ ಒರೆಸುತ್ತ. "ಆದ್ರ ಊಟಕ್ಕ ಬರಲಿಲ್ಲ ಅನ್ನೋದು ಪುರಾವೆ ಹ್ಯಾಂಗಾಗತದ?"

"ಎರಡೂ ಬಾಟಲಿ ಡಿಎನ್‌ಎ ಪರೀಕ್ಷಾಕ್ಕ ಕಳಸ್ರಿ. ಉತ್ತರ ಬರತದ. ಅದು ಬರೋ ತನಕ ಈ ಹುಡುಗಿ ಬಾವಿ ಕಟ್ಟಿ ಮ್ಯಾಲೆ ಕೂಡಬೇಕೇನು? ಶುಭದಾ, ನೀ ಬಾಯಿ ಬಿಟ್ರ ಇಲ್ಲೇ ಮುಗೀತದ."

ಶುಭದಾ ತಲೆ ಎತ್ತಿದಳು. ನನಗೆ ಕಂಡದ್ದು ಬಾವಿಯೊಳಗಿನ ಆ ಮುಖವಿಲ್ಲದ ಭೂತವಲ್ಲ. ಫೇಲಾಗುವ ಹೆದರಿಕೆ, ಅಪ್ಪನ ಹೆದರಿಕೆ, ದೇವರ ಹೆದರಿಕೆ, ಎಲ್ಲ ಒಟ್ಟಿಗೆ ಮೆತ್ತಿಕೊಂಡ, ನಮ್ಮ ವಯಸ್ಸಿನದೇ ಒಂದು ಮುಖ. ಬಾಯಿ ತೆರೆದಳು, ಮುಚ್ಚಿದಳು. ಗಂಟಲಿನಿಂದ ಒಣ ಸದ್ದೊಂದೇ ಬಂತು.

ಸಬಾ ನನ್ನ ಕೈ ಬಿಡಿಸಿಕೊಂಡಳು. ಮೇಜಿನ ಮೇಲಿದ್ದ ಜಗ್ಗಿನಿಂದ ಗ್ಲಾಸಿಗೆ ನೀರು ಬಗ್ಗಿಸಿದಳು. ರೋಜಾ ಹಿಡಿದಿದ್ದ ಅವಳ ತುಟಿಯ ಮೇಲೆ ಆಗಲೇ ಬಿಳಿ ಪೊರೆ ಏಳುತ್ತಿತ್ತು. ಗ್ಲಾಸನ್ನು ಶುಭದಾಳ ಮುಂದೆ ಹಿಡಿದಳು.

"ಅವತ್ತೂ ನನ್ನ ಮುಂದನ ಕುಡದಿದ್ರ ನಾ ಯಾರಿಗೂ ಹೇಳ್ತಿರಲಿಲ್ಲ," ಎಂದಳು. "ಮಾಫ್ ಮಾಡೀನಿ ಅಂತ ತಿಳಕೋಬ್ಯಾಡ. ಗಂಟಲು ಒಣಗಿದ್ರ ಮಾತು ಬರಂಗಿಲ್ಲ, ನನಗ ಗೊತ್ತದ. ಕುಡಿ. ಕುಡದು ಹೇಳು."

ಶುಭದಾ ಎರಡೂ ಕೈಯಿಂದ ಗ್ಲಾಸು ಹಿಡಿದಳು. ಅರ್ಧ ನೀರು ಚೆಲ್ಲಿತು, ಅರ್ಧ ಕುಡಿದಳು.

"ಆ ಬಾಟಲಿ..." ಎಂದಳು. ನೀರಿನ ಬಣ್ಣದ್ದನ್ನೇ ಮುಟ್ಟಿ, ತನ್ನ ಕಡೆಗೆ ಎಳೆದುಕೊಂಡಳು. "ಆ ಬಾಟಲಿ ನಂದು."