ಚರ್ಮ ಯಾಕೆ ಸೋರುತ್ತೆ?

“ಅಯ್ಯೋ ರಾಮ! ಏನ್ರೀ ಇದು?”

ಚೀಲದ ಬಾಯಿ ಬಿಚ್ಚಿದ ಕೂಡಲೇ ಬನಶಂಕರಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಒಳಗೆ ಐಸಿನ ಮೇಲೆ ಹಂದಿ ಕಿವಿಗಳು, ಮೈತುಂಬ ಕೂದಲು!

“ಕಿವಿ ಮೇಡಂ. ನೀವೇ ಕೇಳಿದ್ರಲ್ಲ?”

ಹೀಗೆಂದವನು ಮುನಿಕೃಷ್ಣ, ಜಡಿಗೇನಹಳ್ಳಿಯಲ್ಲಿ ಹಂದಿ ಸಾಕುವ ಹುಡುಗ. ಮುಖ ಮಾತ್ರ ಪೆಚ್ಚಾಗಿತ್ತು. ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು.

ಅದು ತೊಂಬತ್ತಾರನೇ ಇಸವಿ. ದೊಡ್ಡಬಳ್ಳಾಪುರದ ನೇಕಾರರ ಮನೆಯ ಬನಶಂಕರಿ ಬಿ.ಎಸ್ಸಿ. ಮುಗಿಸಿ ಹೊಸಕೋಟೆಯ ಔಷಧಿ ಕಂಪನಿಯೊಂದರ ಲ್ಯಾಬಿಗೆ ಸೇರಿದ್ದಳು. ನೋವಿನ ಮುಲಾಮು ಚರ್ಮದೊಳಕ್ಕೆ ಎಷ್ಟು ಇಳಿಯುತ್ತದೆ ಎಂದು ನೋಡುವುದು ಅವಳ ಕೆಲಸ. ಮನುಷ್ಯರ ಚರ್ಮ ಯಾರು ಕೊಟ್ಟಾರು? ಅದಕ್ಕೇ ಹಂದಿಯ ಕಿವಿ!

ಕೂದಲು ಕತ್ತರಿಸಿ, ಚರ್ಮ ಸುಲಿದು, ಉಪ್ಪುನೀರು ತುಂಬಿದ ಎರಡು ಗಾಜಿನ ಬಟ್ಟಲುಗಳ ನಡುವೆ ಬಿಗಿದು, ಮುಲಾಮು ಹಚ್ಚುವ ಮೊದಲು ಒಂದಿಷ್ಟು ಕರೆಂಟು ಹಾಯಿಸಿ ನೋಡುತ್ತಿದ್ದಳು. ಚರ್ಮ ಚೆನ್ನಾಗಿದ್ದರೆ ಕರೆಂಟನ್ನು ತಡೆಯುತ್ತದೆ, ಮೀಟರು ದೊಡ್ಡ ಅಂಕಿ ತೋರಿಸುತ್ತದೆ. ಕೆಟ್ಟಿದ್ದರೆ ಅಂಕಿ ಬಿದ್ದುಹೋಗುತ್ತದೆ. ಅಂಥ ಚರ್ಮದಲ್ಲಿ ಮುಲಾಮು ಜರಡಿಯಲ್ಲಿ ನೀರು ಇಳಿದಂತೆ ಇಳಿದು, ಬರುವ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಮುನಿಕೃಷ್ಣ ಗುರುವಾರಕ್ಕೊಮ್ಮೆ ಕಿವಿ ತರುತ್ತಿದ್ದ. ಮೊದಲ ಗುರುವಾರದ ಆ ಕೂದಲಿನ ಕಿವಿಗಳು ಪಾಸಾದವು. ಆಮೇಲೆ ತಂದವುಗಳಲ್ಲಿ ಒಂದೂ ಪಾಸಾಗಲಿಲ್ಲ!

ನೋಡಲು ಮಾತ್ರ ಬೆಳ್ಳಗೆ, ನುಣ್ಣಗೆ ಇದ್ದವು. ಕೂದಲೂ ಇಲ್ಲ, ವಾಸನೆಯೂ ಇಲ್ಲ. ಬೇರೆ ತಳಿಯೇನೋ ಅಂದುಕೊಂಡಳು. ಮೀಟರು ಬದಲಾಯಿಸಿದಳು, ಉಪ್ಪುನೀರು ಬದಲಾಯಿಸಿದಳು. ಊಹೂಂ!

“ಹಳಸಿದ್ದು ತಂದು ಹಾಕ್ತಿದಾನೆ ಕಣಮ್ಮ,” ಎಂದರು ಲ್ಯಾಬಿನ ಮುಖ್ಯಸ್ಥ ವೆಂಕಟರಾಯಪ್ಪ. “ಮುಂದಿನ ವಾರವೂ ಫೇಲಾದ್ರೆ ಅವನನ್ನ ಬಿಟ್ಬಿಡೋಣ.”

ಬಿಟ್ಟರೆ... ಗುರುವಾರ ಅವನು ಬರುವುದೇ ಇಲ್ಲ! ವಾರವೆಲ್ಲ ತಾನು ಕಾಯುತ್ತಿದ್ದದ್ದು ಕಿವಿಗಳಿಗಲ್ಲ ಎಂದು ಆಗಲೇ ಬನಶಂಕರಿಗೆ ಗೊತ್ತಾದದ್ದು.

ಆ ಗಾಬರಿಯಲ್ಲಿ ಹೊರಗೆ ನಿಂತಿದ್ದವನನ್ನು ಕೇಳಿಯೇಬಿಟ್ಟಳು. “ನಿಜ ಹೇಳಿ, ಎಷ್ಟು ದಿನದ್ದು ತರ್ತಿದೀರ?”

ಮುನಿಕೃಷ್ಣನ ಮುಖ ಸಣ್ಣಗಾಯಿತು. “ಬೆಳಗ್ಗೆ ಕೊಯ್ದಿದ್ದು. ನಿಮಗೆ ಹಳಸಿದ್ದು ಕೊಡ್ತೀನಾ?”

ತಿರುಗಿಯೂ ನೋಡದೆ ಹೋದ.

‘ಅವನು ಸುಳ್ಳು ಹೇಳೋನಲ್ಲ. ಮೀಟರೂ ಸುಳ್ಳು ಹೇಳ್ತಿಲ್ಲ. ಹಾಗಾದ್ರೆ?’ ಅವಳಿಗೆ ಅನ್ನ ಸೇರಲಿಲ್ಲ. ಮುಂದಿನ ಗುರುವಾರ ಬೆಳಗ್ಗೆಯೇ ಜಡಿಗೇನಹಳ್ಳಿಯ ಬಸ್ಸು ಹತ್ತಿದಳು.

ಹಂದಿ ಶೆಡ್ಡಿನ ಹಿಂದೆ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಮುನಿಕೃಷ್ಣ ಒಂದು ಕಿವಿಯನ್ನು ಅದರಲ್ಲಿ ಅದ್ದಿ ತೆಗೆದು, ಬ್ಲೇಡಿನಿಂದ ಕೂದಲು ಹೆರೆಯುತ್ತಿದ್ದ.

“ನಿಲ್ಸಿ! ಬಿಸಿನೀರಿಗೆ ಹಾಕಿದ್ರೆ ಚರ್ಮ ಬೆಂದುಹೋಗುತ್ತೆ! ಯಾರ್ರೀ ಹೇಳಿದ್ದು ಹಿಂಗೆ ಮಾಡಕ್ಕೆ?”

ಅವನು ತಬ್ಬಿಬ್ಬಾದ. “ಯಾರೂ ಇಲ್ಲ... ಅವತ್ತು ನೀವು ಮೂಗು ಮುಚ್ಕೊಂಡ್ರಲ್ಲ, ನಾಚ್ಕೆ ಆಯ್ತು. ನೆಂಟರ ಮನೆಗೆ ಕಳಿಸೋವಾಗ ನಮ್ಮಮ್ಮ ಹಿಂಗೇ ಚೊಕ್ಕ ಮಾಡ್ತಾಳೆ. ನಿಮ್ಮ ಕೈಗೆ ಹೋಗೋದು ಚೆನ್ನಾಗಿರ್ಲಿ ಅಂತ...”

ಇಷ್ಟು ದಿನ ಚರ್ಮ ಕೆಡಿಸಿದ್ದು ಮೋಸವಲ್ಲ, ಅಕ್ಕರೆ! ಬನಶಂಕರಿಯ ಕಣ್ಣು ತುಂಬಿ ಬಂತು.

“ಬೈದಿದ್ದು ನನ್ನ ತಪ್ಪು,” ಎಂದಳು ಮೆಲ್ಲಗೆ. “ಅದ್ದದೆ ಇರೋವನ್ನ ಹಂಗೇ ಐಸಿಗೆ ಹಾಕಿ. ಇವತ್ತು ಫೇಲಾದ್ರೆ ನಿಮ್ಮನ್ನ ಬಿಡಿಸ್ತಾರೆ.”

“ಬಿಡಿಸ್ಲಿ, ಮಾರಕ್ಕೆ ಬೇರೆ ಕಡೆ ಇದೆ. ನಿಮ್ಮನ್ನ ನೋಡೋದು ತಪ್ಪುತ್ತಲ್ಲ...” ಎಂದವನು ಚೀಲಕ್ಕೆ ಐಸು ಸುರಿಯತೊಡಗಿದ.

ಮಧ್ಯಾಹ್ನ ಮೀಟರು ಒಂದೊಂದಕ್ಕೂ ದೊಡ್ಡ ಅಂಕಿ ತೋರಿಸಿತು. “ಸರಿ, ಇವನೇ ತರ್ಲಿ,” ಎಂದರು ವೆಂಕಟರಾಯಪ್ಪ. ಅವಳು ಮುನಿಕೃಷ್ಣ ಕಾಯುತ್ತಿದ್ದ ಗೇಟಿಗೆ ಓಡಿದಳು.

“ಪಾಸು!”

“ಹಾಗಾದ್ರೆ ಗುರುವಾರ ಬರ್ತೀನಿ.”

“ಗುರುವಾರ ಮಾತ್ರನಾ?”

ಅವನು ನೆಲ ನೋಡುತ್ತಾ ಕೇಳಿದ. “ಹಂದಿ ಸಾಕೋನಿಗೆ ನಿಮ್ಮಪ್ಪ ಹೆಣ್ಣು ಕೊಡ್ತಾರಾ?”

“ಅಪ್ಪನ್ನ ಆಮೇಲೆ ಕೇಳೋಣ. ಮೊದಲು ನನ್ನ ಕೇಳಿ.”

“ನನ್ನ... ಮದುವೆ ಆಗ್ತೀರಾ?”

“ಹೂಂ,” ಎಂದಳು ಬನಶಂಕರಿ. “ಅಪ್ಪನ ಹತ್ರ ನಾನೇ ಮಾತಾಡ್ತೀನಿ. ನೀವು ಪಕ್ಕದಲ್ಲಿ ನಿಂತ್ಕೊಂಡ್ರೆ ಸಾಕು.”

“ನಿಂತ್ಕೋತೀನಿ,” ಎಂದ ಮುನಿಕೃಷ್ಣ.