ಬೀದಿಯಾಚೆ ನೋಡುವ ಹೊತ್ತು

ಅವಳು ಕನ್ನಡಕ ಕೇಳಿಕೊಂಡು ಬಂದಳು. ನಾನು ಕೊಡಲಿಲ್ಲ.

ಆಗ ಕಣ್ಣು ಪರೀಕ್ಷೆಯ ಓದು ಮುಗಿಸಿ, ಸೋದರಮಾವನ ಕನ್ನಡಕದಂಗಡಿಯಲ್ಲಿ ಹೊಸದಾಗಿ ಕೂತಿದ್ದೆ. ಅವಳು ಎದುರು ಸಾಲಿನ ಟೈಲರ್ ಅಂಗಡಿಯಲ್ಲಿ ಹೊಲಿಯುತ್ತಿದ್ದಳು. ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು, ತೆಗೆಯಲು ಮರೆತಿದ್ದಳು. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಸಲೀಸಾಗಿ ಓದಿಬಿಟ್ಟಳು.

“ನಿಮ್ಮ ಕಣ್ಣು ತುಂಬಾ ಚೆನ್ನಾಗಿವೆ,” ಎಂದೆ.

“ಥ್ಯಾಂಕ್ಸ್. ಆದ್ರೆ ನಾನು ಬಂದಿದ್ದು ತಲೆನೋವಿಗೆ,” ಎಂದಳು, ತುಟಿಯಂಚಿನಲ್ಲೇ ನಗು ಅದುಮಿಕೊಂಡು.

ನನ್ನ ಕಿವಿ ಬಿಸಿಯಾಯಿತು. ಒಳಗೆ ಮಾವ ಕೆಮ್ಮಿದರು. ವ್ಯಾಪಾರ ಕೈತಪ್ಪಿದಾಗ ಬರುವ ಕೆಮ್ಮು ಅದು.

ಊಟ, ನೀರು, ನಿದ್ದೆಯ ಬಗ್ಗೆ ವಿಚಾರಿಸಿದೆ. ಕೈಲಿದ್ದ ಬಟ್ಟೆ ಮುಗಿದರೆ ಊಟ, ನೆನಪಾದರೆ ನೀರು. ಹೊಲಿಯುತ್ತಿದ್ದದ್ದು ಮೂಲೆಯಲ್ಲಿ, ಒಂದು ಮಂಕು ಬಲ್ಬಿನ ಕೆಳಗೆ.

“ಹೊಟ್ಟೆ ಖಾಲಿ ಬಿಡ್ಬೇಡಿ. ನೀರು ಪಕ್ಕದಲ್ಲೇ ಇಟ್ಕೊಳ್ಳಿ. ನೋವು ಶುರುವಾದ್ರೆ ಹಣೆ ಮೇಲೆ ಒದ್ದೆ ಬಟ್ಟೆ ಹಾಕ್ಕೊಂಡು ಸ್ವಲ್ಪ ಹೊತ್ತು ಕಣ್ಮುಚ್ಚಿ. ಮಷೀನ್ ಕಿಟಕಿ ಹತ್ರ ಹಾಕ್ಕೊಳ್ಳಿ, ಎಡಗಡೆಯಿಂದ ಬೆಳಕು ಬೀಳೋ ಹಾಗೆ. ಆಗಾಗ ಹೊಲಿಗೆ ನಿಲ್ಸಿ ದೂರ ನೋಡಿ. ಆಗಲೂ ಕಡಿಮೆ ಆಗದಿದ್ರೆ ಡಾಕ್ಟರಿಗೆ ತೋರಿಸೋಣ.”

“ತೋರಿಸೋಣ?”

“ಅಂದ್ರೆ... ತೋರಿಸ್ಕೊಳ್ಳಿ.”

“ದೂರ ಅಂದ್ರೆ ಎಲ್ಲಿ ನೋಡ್ಲಿ?”

“ಎಲ್ಲಾದ್ರೂ. ಬೀದಿಯಾಚೆ.”

ಮರುದಿನ ಅವಳ ಮಷೀನು ಕಿಟಕಿಗೆ ಬಂತು. ಆ ಕಿಟಕಿಯ ನೇರಕ್ಕೆ ಬೀದಿಯಾಚೆ ಇದ್ದದ್ದು ನಮ್ಮ ಅಂಗಡಿಯೊಂದೇ.

ಒಂದಷ್ಟು ಹೊಲಿದು ತಲೆಯೆತ್ತುವಳು. ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಎಡಕ್ಕೆ ತಿರುಗುವಳು. ಒಮ್ಮೊಮ್ಮೆ ನೀರಿನ ಲೋಟ ಎತ್ತಿ ತೋರಿಸಿ ಪೂರ್ತಿ ಕುಡಿಯುವಳು. ನಾನು ತಲೆಯಾಡಿಸುವೆ. ಮಾತಿಲ್ಲ. ಇಷ್ಟು ವರ್ಷಗಳಾದ ಮೇಲೂ ಆ ದಿನಗಳನ್ನು ನೆನೆದರೆ ಮೊದಲು ನೆನಪಾಗುವುದು ಆ ಮೌನವೇ. ಬೀದಿಯ ಗದ್ದಲವೆಲ್ಲ ನಮ್ಮಿಬ್ಬರ ನಡುವೆಯೇ ಹಾದುಹೋಗುತ್ತಿತ್ತು. ನಮಗೆ ಏನೂ ಕೇಳಿಸುತ್ತಿರಲಿಲ್ಲ.

ಅವಳು ನೋಡುವುದು ನನ್ನನ್ನೋ, ಪಾಲಿಸುವುದು ನನ್ನ ಸಲಹೆಯನ್ನೋ? ಅದೊಂದೇ ಪ್ರಶ್ನೆ ನನ್ನನ್ನು ತಿನ್ನುತ್ತಿತ್ತು. ಕೇಳಿದಾಗ, ಸಲಹೆಯನ್ನಷ್ಟೇ ಎಂದುಬಿಟ್ಟರೆ?

“ಲೋ ಡಿಗ್ರಿ, ಆ ಗಾಜು ಇನ್ನೆಷ್ಟು ಒರೆಸ್ತೀಯೋ? ಸವೆದು ಹೋಗತ್ತೆ,” ಎನ್ನುತ್ತಿದ್ದರು ಮಾವ.

ಒಂದು ಸಂಜೆ ಅವಳೇ ಬೀದಿ ದಾಟಿ ಬಂದಳು.

“ತಲೆನೋವು ಹೋಯ್ತು,” ಎಂದಳು. ಮುಖದಲ್ಲಿ ಗೆಲುವಿರಲಿಲ್ಲ. “ಆದ್ರೆ ನಮ್ಮ ಟೈಲರಕ್ಕ ಅಂಗಡಿ ಬದಲಾಯಿಸ್ತಿದ್ದಾರೆ. ಹೊಸ ಜಾಗ ನೆಲಮಾಳಿಗೆ. ಕಿಟಕಿ ಇಲ್ಲ.”

“ಹಾಗಾದ್ರೆ ನೋವು ಮತ್ತೆ ಬರತ್ತೆ,” ಎಂದೆ. ಎದೆಯಲ್ಲಿದ್ದದ್ದು ಬೇರೆ, ಬಾಯಿಗೆ ಬಂದದ್ದು ಇದು.

“ಬರ್ಲಿ ಬಿಡಿ, ಅದು ಹಳೇ ನೆಂಟ.” ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಈ ಕಡೆ ನೋಡೋದು ಬಿಡ್ಬೇಕಲ್ಲ, ಅದೇ ಆಗ್ತಿಲ್ಲ.”

ಒಳಗೆ ಮಾವನ ರೇಡಿಯೋ ನಿಂತಿತು.

ನಾನು ನಮ್ಮ ಕಿಟಕಿಯ ಬಳಿಯಿದ್ದ ಫ್ರೇಮುಗಳ ಸ್ಟ್ಯಾಂಡಿನ ಮೇಲೆ ಕೈಯಿಟ್ಟೆ. “ಇದನ್ನ ಸರಿಸಿದ್ರೆ ಇಲ್ಲಿ ಒಂದು ಮಷೀನ್ ಹಿಡಿಯತ್ತೆ. ಬೆಳಕೂ ಎಡಗಡೆಯಿಂದಲೇ. ನೀವು ನಿಮ್ಮದೇ ಹೊಲಿಗೆ ಶುರು ಮಾಡ್ಬಹುದು. ಮಾವನ್ನ ಕೇಳಿದ್ದೀನಿ.”

“ಯಾವಾಗ ಕೇಳಿದ್ರಿ?”

“ತುಂಬಾ ದಿನ ಆಯ್ತು. ನಿಮ್ಮನ್ನ ಕೇಳೋಕೆ ಧೈರ್ಯ ಬಂದಿರ್ಲಿಲ್ಲ.”

ಅವಳು ಕಿಟಕಿಯಾಚೆ ನೋಡಿದಳು. “ಇಲ್ಲಿ ಕೂತ್ರೆ ಎದುರಿಗೆ ಯಾರು ಕಾಣ್ತಾರೆ?”

“ಯಾರೂ ಇಲ್ಲ. ನಾನು ಪಕ್ಕದಲ್ಲೇ ಇರ್ತೀನಲ್ಲ. ಯಾವಾಗ್ಲೂ.”

ಅವಳ ಕಣ್ಣು ತುಂಬಿ ಹೊಳೆದವು.

“ಏನೋ, ಸ್ಟ್ಯಾಂಡ್ ಎತ್ತೋಕೆ ನಾನೂ ಕೈ ಹಾಕ್ಬೇಕಾ?” ಎಂದು ಮಾವ ಒಳಗಿನಿಂದಲೇ ಕೂಗಿದರು.

ಬೇಕಾಗಲಿಲ್ಲ. ಇನ್ನೊಂದು ತುದಿಯನ್ನು ಅವಳು ಆಗಲೇ ಹಿಡಿದಿದ್ದಳು.