ಮೂವತ್ತೊಂಬತ್ತು ಪ್ರಾಸಗಳ ಆರೋಪ

"ನಾನು ಕೀ ಆನ್ಸರ್ ನೋಡಿಲ್ಲ ಮೇಡಂ. ಆದ್ರೆ ನೋಡಿಲ್ಲ ಅಂತ ಹೇಗೆ ತೋರಿಸ್ಲಿ?" ಎಂದು ಯಮುನಾ ಕೇಳಿದಾಗ ಅವಳ ಕೊಡೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಶ್ರೀಮಂಗಲದ ನಿವೃತ್ತ ಪೋಸ್ಟ್‌ಮಾಸ್ಟರ್ ಬೊಳ್ಳಮ್ಮನವರು ಕನ್ನಡಕ ಸರಿಪಡಿಸಿಕೊಂಡರು. ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದ ನಾನು, ಊರವರು ತಂದೊಪ್ಪಿಸುವ ಒಗಟುಗಳನ್ನು ಬಿಡಿಸುವ ಅವರ ಪ್ರಕರಣಗಳ ಟಿಪ್ಪಣಿಕಾರನೂ ಆಗಿದ್ದೆ.

"ಮೋಕ್ಷಿತ್, ಬರ್ಕೋ. ಯಮುನಾ, ನೀನು ಮೊದಲು ಕೂತ್ಕೋ. ಎಂತ ಆಯ್ತು?"

ಯಮುನಾ ಎಸ್ಟೇಟಿನ ಕಾರ್ಮಿಕರ ಸಾಲುಮನೆಯಾದ ಲೈನಿನಲ್ಲಿದ್ದು, ಕಾಫಿ ಕೊಯ್ಯುತ್ತಲೇ ಅಂಚೆ ಶಿಕ್ಷಣದಲ್ಲಿ ಬಿ.ಎ. ಮುಗಿಸಿದವಳು. ಊರಿನ ವಾಚನಾಲಯ ಸಂಜೆಯ ಇಂಗ್ಲಿಷ್ ತರಗತಿಗೆ ಶಿಕ್ಷಕಿಯನ್ನು ಆರಿಸಲು ಭಾನುವಾರ ಒಂದು ಪರೀಕ್ಷೆ ನಡೆಸಿತ್ತು. 'ರೇನ್' ಎಂಬ ಪದಕ್ಕೆ ಇಪ್ಪತ್ತು ನಿಮಿಷದಲ್ಲಿ ಎಷ್ಟು ಪೂರ್ಣ ಪ್ರಾಸ, ಎಷ್ಟು ಸಮೀಪ ಪ್ರಾಸ ಸಿಗುತ್ತವೆಯೋ ಬರೆಯಬೇಕಿತ್ತು. ಕಾರ್ಯದರ್ಶಿ ಶಿವಪ್ರಕಾಶರ ಉತ್ತರಪಟ್ಟಿಯಲ್ಲಿ ನಲವತ್ತು ಪದಗಳಿದ್ದವು. ಯಮುನಾ ಅವುಗಳಲ್ಲಿ ಮೂವತ್ತೊಂಬತ್ತನ್ನು ಬರೆದಿದ್ದಳು. ಎರಡನೆಯವರು ಬರೆದದ್ದು ಹದಿನಾರು. ಮೌಲ್ಯಮಾಪನಕ್ಕೆಂದು ಬೀರುವಿನಿಂದ ಉತ್ತರಪಟ್ಟಿಯ ಲಕೋಟೆ ತೆಗೆದಾಗ ಅದರ ಬಾಯಿ ತೆರೆದಿತ್ತು. ಪರೀಕ್ಷೆಯ ಹಿಂದಿನ ದಿನ ಬೆಂಚು ಜೋಡಿಸಲು ಅದೇ ಕೋಣೆಗೆ ಹೋಗಿದ್ದವಳು ಯಮುನಾ.

"ನಾಳೆ ಸಂಜೆ ಮೀಟಿಂಗಲ್ಲಿ ನನ್ನ ಹೆಸರು ತೆಗೀತಾರೆ. ಕೆಲಸ ಹೋದ್ರೆ ಹೋಗ್ಲಿ, ಕಳ್ಳಿ ಅನ್ನೋ ಹೆಸರಿಟ್ಟುಕೊಂಡು ಲೈನಲ್ಲಿ ಹೇಗೆ ಇರೋದು?"

ನಾವು ಕೂಡಲೇ ವಾಚನಾಲಯಕ್ಕೆ ಹೋದೆವು. ಶಿವಪ್ರಕಾಶರು ಲಕೋಟೆಯನ್ನು ಮೇಜಿನ ಮೇಲಿಟ್ಟರು. ನಾನು ಕಂಡದ್ದನ್ನು ಕ್ರಮವಾಗಿ ಬರೆದುಕೊಂಡೆ. ಮೈದಾ ಅಂಟಿನಿಂದ ಮುಚ್ಚಿದ ಲಕೋಟೆ; ಕಾಗದ ಎಲ್ಲಿಯೂ ಹರಿದಿರಲಿಲ್ಲ. ಅಂಚಿನ ಮೇಲೆ ಶಾಯಿಯಲ್ಲಿ ಮಾಡಿದ್ದ ಸಹಿ ಸ್ವಲ್ಪವೂ ಕದಡಿರಲಿಲ್ಲ. ಬಾಯಿಯ ಅಂಚು ಹೊರಮುಖವಾಗಿ ಸುರುಳಿಯಾಗಿತ್ತು. ಒಂದು ಬದಿಯಲ್ಲಿ ತಿಳಿಕಂದು ಕಲೆಯಿತ್ತು.

"ಆವಿ ಹಿಡಿದು ಬಿಡಿಸಿರ್ತಾಳೆ," ಎಂದರು ಶಿವಪ್ರಕಾಶ್.

"ಆವಿ ಹಿಡಿದ್ರೆ ಶಾಯಿ ಹಂಗೇ ಕೂತಿರ್ತದಾ, ಕಾರ್ಯದರ್ಶಿಗಳೇ? ಮೂವತ್ತಾರು ವರ್ಷ ನಾನು ಲಕೋಟೆ ಬಿಟ್ಟು ಬೇರೆ ಎಂತದೂ ನೋಡಿಲ್ಲ," ಎಂದು ಬೊಳ್ಳಮ್ಮ ನಕ್ಕರು.

ಜುಲೈ ತಿಂಗಳು. ಕೋಣೆಯ ಪುಸ್ತಕಗಳಿಗೆಲ್ಲ ಬೂಷ್ಟು ಹಿಡಿದಿತ್ತು. ಬೀರುವಿನೊಳಗಿನ ದಾಖಲೆ ಪುಸ್ತಕಗಳಿಗೆ ಮಾತ್ರ ಹಿಡಿದಿರಲಿಲ್ಲ. ಅವುಗಳ ರಟ್ಟು ಒಣಗಿ ಬಾಗಿತ್ತು. ಬೀರುವಿನ ಒಳಗೋಡೆಯಲ್ಲಿ ಬಲ್ಬಿಲ್ಲದ ಒಂದು ಹೋಲ್ಡರ್ ಇತ್ತು. ಬೀರುವಿನ ಬೀಗದ ಕೈ ಇದ್ದದ್ದು ಇಬ್ಬರ ಬಳಿ: ಶಿವಪ್ರಕಾಶ್ ಮತ್ತು ಕಸ ಗುಡಿಸುವ ಮಾಲತಿ. ಮಾಲತಿಯದು ಹಗಲಿಡೀ ಕೋಣೆಯ ಮೊಳೆಯಲ್ಲೇ ತೂಗುತ್ತಿತ್ತು.

ಬೊಳ್ಳಮ್ಮ ಯಮುನಾಳ ಉತ್ತರಪತ್ರಿಕೆ ಕೇಳಿದರು. ಅದರ ಹಿಂದೆ ಹೊಲಿದಿದ್ದ ರಫ್ ಹಾಳೆಯನ್ನು ಯಾರೂ ತೆರೆದೇ ಇರಲಿಲ್ಲ. ಅದನ್ನು ಐದು ನಿಮಿಷ ನೋಡಿ, ಉತ್ತರಪಟ್ಟಿಯನ್ನು ಪಕ್ಕಕ್ಕಿಟ್ಟು ನೋಡಿ, ನನ್ನತ್ತ ತಿರುಗಿದರು.

"ನಿನ್ನ ಸೈನ್ಸಿಗೆ ಇವತ್ತು ಕೆಲಸ ಉಂಟು ಮಾರಾಯ. ಎರಡು ಲಕೋಟೆ, ಮೈದಾ ಅಂಟು, ಹಳೇ ಅರವತ್ತು ವಾಟಿನ ಒಂದು ಬಲ್ಬು."

ಮರುದಿನ ಸಂಜೆ ವಾಚನಾಲಯದಲ್ಲಿ ಎಲ್ಲರೂ ಸೇರಿದರು. ಮಾಲತಿ ಬಾಗಿಲ ಬಳಿ ನಿಂತಿದ್ದಳು. ಬೊಳ್ಳಮ್ಮ ಎದ್ದು ನಿಂತರು.

"ಮೊದಲು ಪಟ್ಟಿ. ಕಾರ್ಯದರ್ಶಿಗಳೇ, ನಿಮ್ಮ ಉತ್ತರಪಟ್ಟಿಯ ಮೊದಲ ಪದ ಯಾವುದು?"

"ಟ್ರೇನ್."

"ಯಮುನಾ ಬಿಟ್ಟ ಒಂದೇ ಪದ?"

ಶಿವಪ್ರಕಾಶ್ ಹಾಳೆ ನೋಡಿದರು. ಅವರ ಧ್ವನಿ ತಗ್ಗಿತು. "ಟ್ರೇನ್."

"ಕದ್ದು ನೋಡಿದವಳು ಮೊದಲ ಸಾಲನ್ನೇ ಬಿಡ್ತಾಳಾ? ನಮ್ಮ ಜಿಲ್ಲೆಗೆ ರೈಲೇ ಇಲ್ಲ. ಯಮುನಾ, ನೀನು ರೈಲು ಹತ್ತಿದ್ದೀಯಾ?"

"ಇಲ್ಲ ಮೇಡಂ. ಟಿ ಅಕ್ಷರ ಬಂದಾಗ 'ಟೇನ್' ಅಂತ ಬರೆದು ಹೊಡೆದು ಹಾಕಿದೆ. ಟ್ರೇನ್ ತಲೆಗೇ ಬರ್ಲಿಲ್ಲ."

"ರಫ್ ಹಾಳೆಯಲ್ಲಿ ಅದೂ ಉಂಟು. ಎ-ಯಿಂದ ಝಡ್‌ವರೆಗೆ ಒಂದೊಂದೇ ಅಕ್ಷರ ಮುಂದಿಟ್ಟು ನೋಡಿದ್ದಾಳೆ. ಕೇನ್, ಚೇನ್, ಗೇನ್ ಉಳಿದವು. ಹೇನ್, ಟೇನ್ ಹೊಡೆದುಹೋದವು. ಎರಡನೇ ಸುತ್ತಲ್ಲಿ ಸಮೀಪ ಪ್ರಾಸ: ಗೇಮ್, ನೇಮ್, ಫ್ಲೇಮ್. ಹಾಗ್ಯಾಕೆ ಎರಡು ಸುತ್ತು?"

"ಕಾಫಿ ಕೊಯ್ಯೋದು ಹಾಗೇ ಅಲ್ವಾ ಮೇಡಂ?" ಯಮುನಾ ಅಚ್ಚರಿಯಿಂದ ಕೇಳಿದಳು. "ಸಾಲು ಬಿಡದೆ ಹೋಗ್ಬೇಕು. ಮೊದಲು ಫ್ಲೈ ಪಿಕಿಂಗ್, ಪೂರ್ತಿ ಹಣ್ಣು ಮಾತ್ರ. ಅರೆಹಣ್ಣಿಗೆ ಆಮೇಲೆ ಮತ್ತೆ ಅದೇ ಸಾಲಿಗೆ ಬರೋದು."

"ಉತ್ತರ ಕೈಲಿದ್ದವರು ಇಷ್ಟು ತಪ್ಪು ಪದ ಬರೆದು ಹೊಡೆಯೋದಿಲ್ಲ," ಎಂದರು ಬೊಳ್ಳಮ್ಮ. "ಇನ್ನು ಲಕೋಟೆ. ಮೋಕ್ಷಿತ್, ತೋರಿಸು."

ನಾನು ಎರಡು ಲಕೋಟೆಗಳನ್ನು ಮುಂದಿಟ್ಟೆ. ಒಂದೇ ಅಂಟು, ಒಂದೇ ಸಮಯ. ತೆರೆದ ಕೋಣೆಯಲ್ಲಿಟ್ಟದ್ದು ಮುಚ್ಚಿಯೇ ಇತ್ತು. ಉರಿಯುವ ಬಲ್ಬಿನ ಪಕ್ಕ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟದ್ದು ಒಂಬತ್ತು ಗಂಟೆಗಳಲ್ಲಿ ಬಾಯಿಬಿಟ್ಟಿತ್ತು. ಅಂಚು ಹೊರಕ್ಕೆ ಸುರುಳಿಯಾಗಿತ್ತು, ಬದಿಯಲ್ಲಿ ತಿಳಿಕಂದು ಕಲೆ ಮೂಡಿತ್ತು.

"ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಬಾರದ ಹಾಗೆ ನಮ್ಮ ಮನೆಗಳಲ್ಲಿ ಬೀರುವಿನೊಳಗೆ ಬಲ್ಬು ಉರಿಸಿಡ್ತೇವಲ್ಲ, ಅದೇ ಕೆಲಸ ಇಲ್ಲೂ ಆಗಿದೆ. ಹಸಿ ಅಂಟು ಕಾವಿಗೆ ಗರಿಗರಿಯಾಗಿ ಬಿಟ್ಟುಕೊಂಡಿದೆ. ಬಲ್ಬು ಇಟ್ಟವರು ಬೀಗದ ಕೈ ಇದ್ದವರು. ಕಾರ್ಯದರ್ಶಿಗಳು ಇಟ್ಟಿದ್ದರೆ ನಮಗೆ ಹೇಳ್ತಿದ್ದರು."

ಎಲ್ಲರೂ ಬಾಗಿಲತ್ತ ನೋಡಿದರು. ಮಾಲತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಶನಿವಾರ ನಾನೇ ಇಟ್ಟೆ ಅಮ್ಮ. ಬೀರುವಿನ ಪುಸ್ತಕಕ್ಕೆಲ್ಲ ಬೂಷ್ಟು ಬಂದು ಹಾಳಾಗ್ತಿತ್ತು. ಬೆಂಕಿ ಹಿಡೀತದೆ, ಬಲ್ಬು ಇಡಬೇಡ ಅಂತ ಸಾರ್ ಹೋದ ವರ್ಷ ಬೈದಿದ್ರು. ಅದಕ್ಕೇ ಭಾನುವಾರ ಬೆಳಿಗ್ಗೆ ತೆಗೆದುಬಿಟ್ಟೆ. ಲಕೋಟೆ ನಾನು ನೋಡ್ಲೇ ಇಲ್ಲ. ಇವಳ ಮೇಲೆ ಅಪವಾದ ಬಂದಾಗ ಹೇಳೋಕೆ ಬಾಯಿ ಬರ್ಲಿಲ್ಲ. ತಪ್ಪಾಯ್ತು ಕಣೇ ಯಮುನಾ."

"ನೀನು ನನ್ನ ಕೇಳಿದ್ರೆ ನಾನೇ ಬಲ್ಬು ಹಿಡ್ಕೊಳ್ತಿದ್ದೆನಲ್ಲೇ!" ಎಂದು ಯಮುನಾ ಒಮ್ಮೆಗೇ ನಕ್ಕುಬಿಟ್ಟಳು, ಕಣ್ಣು ಮಾತ್ರ ಒದ್ದೆಯಾಗಿತ್ತು.

ಶಿವಪ್ರಕಾಶ್ ಎದ್ದು ಎಲ್ಲರ ಮುಂದೆ ಕೈ ಮುಗಿದರು. "ತಪ್ಪು ನಂದು. ರಫ್ ಹಾಳೆ ನೋಡದೆ ಮಾತಾಡಿದೆ. ಸೋಮವಾರದಿಂದ ತರಗತಿ ನಿಮ್ಮದೇ."

"ಎಷ್ಟು ಜನ ಸರ್?"

"ಹದಿನೇಳು." ಅವರು ಹಾಜರಿ ಪುಸ್ತಕ ಚಾಚಿದರು.

ಯಮುನಾ ಅದನ್ನು ತೆರೆದು ಮೊದಲ ಹೆಸರನ್ನು ಗಟ್ಟಿಯಾಗಿ ಓದಿದಳು, ಆಮೇಲೆ ಎರಡನೆಯದನ್ನು. ಹದಿನೇಳನೆಯ ಹೆಸರು ಮುಗಿಯುವವರೆಗೆ ಕುರ್ಚಿಯಿಂದ ಯಾರೂ ಏಳಲಿಲ್ಲ.